ಮನೆ ಬಾಗಿಲಿಗೆ ಸಿಸ್ಟರ್ ಬಂದಾಗ

ಊರಿನ ಉಪಕೇಂದ್ರ ಇರುವುದು ಬಸುರಿ-ಬಾಣಂತಿಯರಿಗೆ, ಎಳೆಮಕ್ಕಳ ಚುಚ್ಚುಮದ್ದಿಗೆ ಎಂಬ ಲೆಕ್ಕ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅರವತ್ತು ದಾಟಿದವರು ಅತ್ತ ಮುಖ ಹಾಕುವುದು ಕಡಿಮೆ. ಮೊಮ್ಮಗುವಿಗೆ ಲಸಿಕೆ ಹಾಕಿಸಲು ಸೊಸೆಯ ಜೊತೆ ಹೋದ ಅಜ್ಜಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದು, ಕೆಲಸ ಮುಗಿದ ಮೇಲೆ ಮಗುವನ್ನೆತ್ತಿಕೊಂಡು ವಾಪಸ್ ಬರುತ್ತಾಳೆ. ಒಳಗೆ ಮೇಜಿನ ಮೇಲೆ ಬಿ.ಪಿ. ಯಂತ್ರ ಇರುತ್ತದೆ, ಶುಗರ್ ನೋಡುವ ಮೀಟರ್ ಇರುತ್ತದೆ, ಎರಡನ್ನೂ ಬಳಸಲು ಕಲಿತ ನರ್ಸ್ ಇರುತ್ತಾರೆ. ಅದೆಲ್ಲ ತನಗೂ ಸೇರಿದ್ದು ಎಂದು ಆಕೆಗೆ ಯಾರೂ ಹೇಳಿರುವುದಿಲ್ಲ.

2018ರಿಂದ ಈಚೆಗೆ ಉಪಕೇಂದ್ರದ ಕೆಲಸ ಬಹಳ ಬದಲಾಗಿದೆ. ಆಯುಷ್ಮಾನ್ ಭಾರತ್ ಯೋಜನೆಯಡಿ ಅದು ಮೊದಲು ‘ಆರೋಗ್ಯ ಮತ್ತು ಕ್ಷೇಮ ಕೇಂದ್ರ’ವಾಯಿತು, 2023ರ ಕೊನೆಯಲ್ಲಿ ‘ಆಯುಷ್ಮಾನ್ ಆರೋಗ್ಯ ಮಂದಿರ’ವಾಯಿತು. (ಬೋರ್ಡಿಗೆ ಎಷ್ಟು ಸಲ ಬಣ್ಣ ಬಳಿದರೂ ಊರವರ ಬಾಯಲ್ಲಿ ಅದು ಸಬ್‌ಸೆಂಟರೇ.) ಬೋರ್ಡಿಗಿಂತ ಮುಖ್ಯವಾದ ಬದಲಾವಣೆ ಅಲ್ಲಿ ಕೂರುವವರದು. ನರ್ಸಿಂಗ್ ಓದಿ, ಸಮುದಾಯ ಆರೋಗ್ಯದಲ್ಲಿ ಪ್ರತ್ಯೇಕ ತರಬೇತಿ ಪಡೆದ ಸಮುದಾಯ ಆರೋಗ್ಯ ಅಧಿಕಾರಿಯೊಬ್ಬರು, ಅಂದರೆ ಸಿ.ಎಚ್.ಒ., ಅಲ್ಲಿಗೆ ಬಂದಿದ್ದಾರೆ. ಜೊತೆಗೆ ಹಿಂದಿನಿಂದಲೂ ಇರುವ ಎ.ಎನ್.ಎಂ. ಸಿಸ್ಟರ್ ಇದ್ದಾರೆ, ನಮ್ಮ ರಾಜ್ಯದಲ್ಲಿ ಅವರನ್ನು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತಾರೆ. ಮನೆಮನೆಗೆ ಮೊದಲು ಬರುವವರು ಆಶಾ ಕಾರ್ಯಕರ್ತೆ. ಬಯಲುಸೀಮೆಯಲ್ಲಿ ಸುಮಾರು 5,000 ಜನರಿಗೆ, ಮಲೆನಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಎಂಬುದು ಸರಕಾರದ ಲೆಕ್ಕ. ಪೇಟೆಯವರಿಗೆ ಇದೇ ಕೆಲಸಕ್ಕೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ, 2022ರ ಡಿಸೆಂಬರ್‌ನಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳಿವೆ.

ಕರ್ನಾಟಕ ಸರಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಬಿ.ಪಿ., ಸಕ್ಕರೆ ಕಾಯಿಲೆಯಂಥ ಸಾಂಕ್ರಾಮಿಕವಲ್ಲದ ಕಾಯಿಲೆಗಳ ತಪಾಸಣೆ ಮಾಡುತ್ತಾರೆ. ಇದರ ಅಗತ್ಯವೂ ಇತ್ತು. 2017-18ರಲ್ಲಿ ದೇಶದಾದ್ಯಂತ ನಡೆದ ‘ಲಾಸಿ’ ಸಮೀಕ್ಷೆಯ ಪ್ರಕಾರ ಅರವತ್ತು ದಾಟಿದ ನಾಲ್ವರಲ್ಲಿ ಮೂವರಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ ಇದೆ. ಸಿಸ್ಟರ್ ಬಾಗಿಲಿಗೆ ಬಂದರೆ, ಅಥವಾ ನೀವೇ ಅವರಲ್ಲಿಗೆ ಹೋದರೆ, ಆ ಭೇಟಿಯಿಂದ ಪೂರ್ತಿ ಪ್ರಯೋಜನ ಪಡೆಯುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ಹೇಳಲು ಹೊರಟಿದ್ದೇನೆ.

‘ಚೆನ್ನಾಗಿದೀನಿ ಬಿಡವ್ವ’

ಆಶಾ ಅಥವಾ ಸಿಸ್ಟರ್ ಮೊದಲು ಒಂದು ಪ್ರಶ್ನಾವಳಿ ತುಂಬಿಸುತ್ತಾರೆ. ಮೂವತ್ತು ದಾಟಿದ ಎಲ್ಲರಿಗೂ ಕೇಳುವ ಪ್ರಶ್ನೆಗಳು ಅದರಲ್ಲಿವೆ: ವಯಸ್ಸು, ಬೀಡಿ-ಹೊಗೆಸೊಪ್ಪು, ಮದ್ಯ, ಸೊಂಟದ ಸುತ್ತಳತೆ, ಮನೆತನದಲ್ಲಿ ಯಾರಿಗಾದರೂ ಬಿ.ಪಿ., ಶುಗರ್ ಅಥವಾ ಹೃದಯದ ಕಾಯಿಲೆ ಇದೆಯೇ ಎಂಬುದು. ಒಂದೊಂದಕ್ಕೂ ಅಂಕವಿದ್ದು, ಒಟ್ಟು ನಾಲ್ಕನ್ನು ಮೀರಿದವರನ್ನು ಮೊದಲು ತಪಾಸಣೆಗೆ ಕರೆಯುತ್ತಾರೆ. ಅರವತ್ತು ದಾಟಿದವರಿಗೆ ಇನ್ನೂ ನಾಲ್ಕು ಪ್ರಶ್ನೆ ಹೆಚ್ಚು. ನಿಂತಾಗ, ನಡೆಯುವಾಗ ತೂರಾಡಿದಂತಾಗುತ್ತದೆಯೇ? ಓಡಾಟಕ್ಕೆ ಅಡ್ಡಿಯಾಗುವಂಥ ಅಂಗವೈಕಲ್ಯ ಇದೆಯೇ? ಊಟ, ಸ್ನಾನ, ಬಟ್ಟೆ, ಶೌಚಕ್ಕೆ ಇನ್ನೊಬ್ಬರ ಸಹಾಯ ಬೇಕೇ? ಹತ್ತಿರದವರ ಹೆಸರು, ಮನೆಯ ವಿಳಾಸ ಮರೆಯುವುದುಂಟೇ?

ಇಡೀ ಫಾರಂನಲ್ಲಿ ಬೆಲೆಬಾಳುವ ಪ್ರಶ್ನೆಗಳು ಈ ನಾಲ್ಕು. ಹೆಚ್ಚು ಸುಳ್ಳು ಹೇಳಿಸಿಕೊಳ್ಳುವ ಪ್ರಶ್ನೆಗಳೂ ಇವೇ. ‘ಇಲ್ಲ ಕಣವ್ವ, ಚೆನ್ನಾಗಿದೀನಿ’ ಎಂದು ಅಜ್ಜಿ ಅಂದುಬಿಡುತ್ತಾಳೆ. ಪಕ್ಕದಲ್ಲೇ ಸೊಸೆ ನಿಂತಿರುತ್ತಾಳಲ್ಲ! ತೂರಾಡುತ್ತೆ ಅಂದರೆ ನಾಳೆಯಿಂದ ತೋಟಕ್ಕೆ ಬಿಡುವುದಿಲ್ಲ, ಸೋಮವಾರದ ದೇವಸ್ಥಾನಕ್ಕೂ ಬಿಡುವುದಿಲ್ಲ. ಯಜಮಾನರ ಮಾತು ಇನ್ನೊಂದು ಬಗೆ: ‘ವಯಸ್ಸಾದ ಮೇಲೆ ಇವೆಲ್ಲ ಇದ್ದದ್ದೇ, ಇದನ್ನೇನು ಹೇಳೋದು?’ ಇವೆರಡರ ಹಿಂದೆ ಒಂದೇ ಭಯವಿದೆ. ಕೈಲಾಗದವನು ಎಂದು ಕಾಗದದಲ್ಲಿ ಬರೆಸಿಕೊಂಡರೆ ಮನೆಯಲ್ಲಿ ತನ್ನ ಮಾತಿಗೆ ಬೆಲೆ ಇಳಿಯುತ್ತದೆ ಎಂಬ ಭಯ. ಅದನ್ನು ಸುಳ್ಳೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ತೂರಾಟಕ್ಕೆ ಎಷ್ಟೋ ಸಲ ಸರಿಪಡಿಸಬಹುದಾದ ಕಾರಣ ಇರುತ್ತದೆ. ಬಿ.ಪಿ. ಮಾತ್ರೆಯ ಪ್ರಮಾಣ ಹೆಚ್ಚಾಗಿರಬಹುದು, ಕಣ್ಣಿನ ಪೊರೆ ಬಲಿತಿರಬಹುದು, ರಕ್ತಹೀನತೆ ಇರಬಹುದು, ಚಪ್ಪಲಿಯ ಅಟ್ಟೆ ಸವೆದಿರಬಹುದು. ಬಾಯಿ ಬಿಟ್ಟು ಹೇಳದೆ ಇವು ಯಾವುವೂ ಸಿಕ್ಕಿಬೀಳುವುದಿಲ್ಲ.

ಎಲ್ಲರೆದುರು ಹೇಳಲಾಗದಿದ್ದರೆ ‘ಸಿಸ್ಟರ್, ಸ್ವಲ್ಪ ಒಳಗೆ ಬನ್ನಿ’ ಎಂದು ಕರೆದು ಒಬ್ಬರೇ ಮಾತಾಡಿ. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವುದು, ಮಲಬದ್ಧತೆ, ಮುಟ್ಟು ನಿಂತು ವರ್ಷಗಳ ಮೇಲೆ ಮತ್ತೆ ರಕ್ತ ಕಾಣಿಸುವುದು, ಎದೆಯಲ್ಲಿ ಗಂಟು ಸಿಗುವುದು: ಈ ವಿಷಯಗಳನ್ನು ಹೆಂಗಸರು ಮಗನಿಗೂ ಹೇಳುವುದಿಲ್ಲ, ಪಿ.ಎಚ್.ಸಿ.ಯ ಗಂಡು ಡಾಕ್ಟರಿಗೂ ಹೇಳುವುದಿಲ್ಲ. ಸಿಸ್ಟರಿಗೆ ಹೇಳುತ್ತಾರೆ. ನರ್ಸ್ ನಡೆಸುವ ತಪಾಸಣೆಯ ದೊಡ್ಡ ಬಲ ಇಲ್ಲಿದೆ ಎಂದು ನನ್ನ ಎಣಿಕೆ. ಮುಟ್ಟು ನಿಂತ ಮೇಲಿನ ರಕ್ತಸ್ರಾವವನ್ನಂತೂ ಒಂದು ದಿನವೂ ಮುಚ್ಚಿಡಬಾರದು. ಗಂಡಸರಿಗೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವ ತೊಂದರೆ ಇದ್ದು ಸಿಸ್ಟರಿಗೆ ಹೇಳಲು ನಾಚಿಕೆಯಾದರೆ, ಆರೋಗ್ಯ ನಿರೀಕ್ಷಣಾಧಿಕಾರಿಗೋ ಪಿ.ಎಚ್.ಸಿ. ವೈದ್ಯರಿಗೋ ತಿಳಿಸಬಹುದು.

ಬಿ.ಪಿ. ನೋಡುವ ಮೊದಲು ಐದು ನಿಮಿಷ

ಗದ್ದೆಯಿಂದ ನಡೆದು ಬಂದವರನ್ನು ಹಾಗೇ ಸ್ಟೂಲಿನ ಮೇಲೆ ಕೂರಿಸಿ, ರವಿಕೆ ತೋಳಿನ ಮೇಲೇ ಪಟ್ಟಿ ಸುತ್ತಿ, ‘ಮಗ ಬಂದಿದ್ನಾ ಅಜ್ಜಿ?’ ಎಂದು ಮಾತಾಡಿಸುತ್ತಾ ನೋಡಿದ ಬಿ.ಪಿ. ಯಾವ ಲೆಕ್ಕಕ್ಕೂ ಬಾರದು. ಸರಿಯಾದ ಕ್ರಮ ಹೀಗಿದೆ. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಟೀ, ಬೀಡಿ, ಹೊಗೆಸೊಪ್ಪು ಬೇಡ. ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕೂರಬೇಕು. ಬರಿಯ ತೋಳಿಗೆ ಪಟ್ಟಿ ಸುತ್ತಿ, ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಬೇಕು. ಯಂತ್ರ ಓಡುವಾಗ ಮಾತು ಬೇಡ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು.

ಸಿಸ್ಟರಿಗೆ ಅವಸರ ಇದ್ದರೆ ನೀವೇ ಹೇಳಿ: ‘ಈಗಷ್ಟೇ ಬಂದಿದೀನಿ ತಾಯಿ, ಸ್ವಲ್ಪ ಸುಧಾರಿಸ್ಕೊಂಡು ತೋರಿಸ್ತೀನಿ.’ ಹೀಗೆ ಹೇಳುವುದು ಅಧಿಕಪ್ರಸಂಗವಲ್ಲ, ಅವರ ಕೆಲಸಕ್ಕೂ ಅದು ಅನುಕೂಲ. 140/90 ಅಥವಾ ಅದಕ್ಕಿಂತ ಹೆಚ್ಚು ಬಂತೆಂದು ಆ ಕ್ಷಣವೇ ‘ನನಗೆ ಬಿ.ಪಿ. ಬಂತು’ ಎಂದು ಗಾಬರಿ ಬೀಳಬೇಕಿಲ್ಲ. ಬೇರೆ ದಿನ ಮತ್ತೆ ನೋಡಿ, ವೈದ್ಯರು ಖಚಿತಪಡಿಸಬೇಕು. ಶುಗರಿನದೂ ಇದೇ ಕಥೆ. ಬೆರಳು ಚುಚ್ಚಿ ನೋಡಿದ ರಕ್ತದ ಸಕ್ಕರೆ ಹೆಚ್ಚು ಬಂದರೆ ಅದು ಮುಂದಿನ ಪರೀಕ್ಷೆಗೆ ಕರೆ ಮಾತ್ರ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಇದ್ದು, ಇನ್ನೊಂದು ಪರೀಕ್ಷೆಯಲ್ಲೂ ಹಾಗೇ ಬಂದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಮೊದಲೇ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯ ರಕ್ತಪರೀಕ್ಷೆಯ ದಿನ ಶುಗರ್ ಮಾತ್ರೆ ನುಂಗಿ ಸಾಲಿನಲ್ಲಿ ಹಸಿದು ನಿಲ್ಲಬೇಡಿ. ರಕ್ತ ಕೊಟ್ಟ ಮೇಲೆ ತಿಂಡಿಯ ಜೊತೆ ತೆಗೆದುಕೊಳ್ಳಿ. ಬಿ.ಪಿ. ಮಾತ್ರೆಯನ್ನು ಎಂದಿನಂತೆ ನುಂಗಬಹುದು.

ಹಿರಿಯರು ಕೇಳಿ ಮಾಡಿಸಿಕೊಳ್ಳಬೇಕಾದ ಇನ್ನೊಂದು ಪರೀಕ್ಷೆಯಿದೆ. ಕೂತಾಗ ನೋಡಿದ ಬಿ.ಪಿ.ಯನ್ನು ಎದ್ದು ನಿಂತು ಮೂರು ನಿಮಿಷದೊಳಗೆ ಮತ್ತೆ ನೋಡುವುದು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ, ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲೆ ಬರುವುದಕ್ಕೆ ಅದೇ ಕಾರಣ ಇರಬಹುದು. ಬೆಳಗಿನ ಜಾವ ಬಚ್ಚಲಿಗೆ ಹೋಗಲು ಎದ್ದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಎಷ್ಟು ಮನೆಗಳ ಕಥೆ! ಈ ಪರೀಕ್ಷೆಗೆ ಬೇರೆ ಯಂತ್ರ ಬೇಡ, ಕಾಸು ಬೇಡ. ಆದರೂ ಕೇಳದೆ ಯಾರೂ ಮಾಡುವುದಿಲ್ಲ.

ಚೀಲ ತನ್ನಿ

ಮಾತ್ರೆಯ ಹೆಸರನ್ನು ಬಾಯಲ್ಲಿ ಹೇಳಲು ಹೋಗಬೇಡಿ. ‘ಬೆಳಗ್ಗೆ ಒಂದು ಬಿಳೀದು, ರಾತ್ರಿ ಒಂದು ಕೆಂಪುದು’ ಎಂದರೆ ಯಾವ ಸಿಸ್ಟರಿಗೂ ತಿಳಿಯದು. ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಕಣ್ಣಿನ ಹನಿ, ಮುಲಾಮು, ಚೂರ್ಣ, ಕಷಾಯದ ಪುಡಿ, ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ನೋವಿನ ಗುಳಿಗೆ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತಂದು ಸಿಸ್ಟರ ಮುಂದೆ ಸುರಿಯಿರಿ. ಜಿಲ್ಲಾಸ್ಪತ್ರೆಯವರು ಕೊಟ್ಟ ಅಮ್ಲೋಡಿಪಿನ್ ಒಂದು ಹೆಸರಿನಲ್ಲಿ, ಖಾಸಗಿಯವರು ಕೊಟ್ಟ ಅದೇ ಅಮ್ಲೋಡಿಪಿನ್ ಇನ್ನೊಂದು ಹೆಸರಿನಲ್ಲಿ ಇದ್ದು, ಎರಡನ್ನೂ ನುಂಗುತ್ತಿರುವವರು ಸಿಗುತ್ತಾರೆ. ಕಾಲು ಊದಿಕೊಂಡಿದೆ ಎಂದು ಅದಕ್ಕೆ ಮೂರನೆಯದೊಂದು ಮಾತ್ರೆ ಬೇರೆ.

ಮಂಡಿನೋವಿನ ಮಾತ್ರೆಗಳ ವಿಷಯ ಇನ್ನೂ ಗಂಭೀರ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಬಿ.ಪಿ. ಏರುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರಬಹುದು, ಮೂತ್ರಪಿಂಡ ಹಾಳಾಗಬಹುದು. ಆ ಕಡೆ ಬಿ.ಪಿ. ಇಳಿಸಲು ಮಾತ್ರೆ, ಈ ಕಡೆ ಏರಿಸಲು ಮಾತ್ರೆ, ಎರಡೂ ಒಂದೇ ಡಬ್ಬಿಯಲ್ಲಿ! ಇನ್ನು ‘ಕೀಲುನೋವಿಗೆ ರಾಮಬಾಣ’ ಎಂದು ಪೊಟ್ಟಣ ಕಟ್ಟಿಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ನೋವು ಮಾಯವಾಗುತ್ತದೆ, ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಬಹಳ ದಿನದಿಂದ ಅಂಥದ್ದನ್ನು ತಿನ್ನುತ್ತಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣ ಸಮೇತ ವೈದ್ಯರ ಹತ್ತಿರ ಹೋಗಿ. ನಿದ್ದೆ ಮಾತ್ರೆಯನ್ನೂ ಮುಚ್ಚಿಡಬೇಡಿ, ರಾತ್ರಿ ಬೀಳುವುದಕ್ಕೆ ಅದೂ ಒಂದು ಕಾರಣ.

‘ಮಾತ್ರೆ ಶುರು ಮಾಡಿದ್ರೆ ಸಾಯೋತನಕ ಬಿಡೋ ಹಾಗಿಲ್ಲವಂತೆ’ ಎಂಬುದು ಸಿಸ್ಟರುಗಳು ದಿನಾ ಕೇಳುವ ಮಾತು. ಮಾತ್ರೆ ಒಗ್ಗಿಹೋಗಿ ಚಟವಾಗುತ್ತದೆ ಎಂಬ ಅಂಜಿಕೆ ಇದರ ಒಳಗಿದೆ. ಬಿ.ಪಿ. ಮಾತ್ರೆ ಚಟವಾಗುವುದಿಲ್ಲ. ಹೆಚ್ಚಿನವರಿಗೆ ಕಾಯಿಲೆಯೇ ಜೀವನಪೂರ್ತಿ ಇರುವುದರಿಂದ ಮಾತ್ರೆಯೂ ಇರುತ್ತದೆ. ಇನ್ನೊಂದು ಗುಂಪಿನವರು ಮಾತ್ರೆ ನುಂಗುತ್ತಾರೆ, ಮುಂದಿನ ಸಲ ‘130/80, ನಾರ್ಮಲ್ ಇದೆ ಅಜ್ಜ’ ಎಂದು ಸಿಸ್ಟರ್ ಹೇಳಿದ ದಿನವೇ ಬಿಟ್ಟುಬಿಡುತ್ತಾರೆ. ನಾರ್ಮಲ್ ಬಂದದ್ದು ಮಾತ್ರೆಯಿಂದ ಎಂಬುದನ್ನು ಸಿಸ್ಟರ್ ಅಲ್ಲೇ ಬಿಡಿಸಿ ಹೇಳಬೇಕು, ನಾವೂ ಕೇಳಿಸಿಕೊಳ್ಳಬೇಕು. ತಲೆಸುತ್ತು, ಒಣಕೆಮ್ಮು, ಕಾಲೂತ ಶುರುವಾದರೆ ಮಾತ್ರೆಯನ್ನು ಕಿಟಕಿಯಿಂದ ಎಸೆಯಬೇಡಿ. ಅದನ್ನು ಬದಲಿಸಿ ಕೊಡಲು ಬರುತ್ತದೆ. ಉಪಕೇಂದ್ರದಿಂದಲೇ ಇ-ಸಂಜೀವಿನಿ ಮೂಲಕ ವೈದ್ಯರ ಜೊತೆ ವಿಡಿಯೊದಲ್ಲಿ ಮಾತಾಡಿಸುವ ವ್ಯವಸ್ಥೆ ಇದೆ. ಫೋನಿನ ಮಾತು ಕಿವಿಗೆ ಸರಿಯಾಗಿ ಬೀಳದಿದ್ದರೆ ತಲೆಯಾಡಿಸಿ ಸುಮ್ಮನಾಗಬೇಡಿ. ಡಾಕ್ಟರ್ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಡಲು ಸಿಸ್ಟರಿಗೆ ಹೇಳಿ.

ಸಿಸ್ಟರ್ ಬರುವ ಮೊದಲು ಮನೆಯಲ್ಲೇ ನೋಡಿಕೊಳ್ಳಿ

ಬಿ.ಪಿ., ಶುಗರ್ ಎರಡು ಸರಿಯಿದ್ದರೆ ಮುಪ್ಪು ಸರಿಯಿದೆ ಎಂದು ತಿಳಿಯುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರ ಆರೈಕೆಗಾಗಿ 2019ರಲ್ಲಿ ಹೊರತಂದ ಕೈಪಿಡಿ ಆರು ಶಕ್ತಿಗಳನ್ನು ಗಮನಿಸಲು ಹೇಳುತ್ತದೆ: ನೆನಪು, ಓಡಾಟ, ಊಟ, ದೃಷ್ಟಿ, ಶ್ರವಣ, ಮನಸ್ಸು. ಇವನ್ನು ಪರೀಕ್ಷಿಸುವ ರೀತಿ ಎಷ್ಟು ಸರಳವೆಂದರೆ ಶಾಲೆಗೆ ಹೋಗುವ ಮೊಮ್ಮಕ್ಕಳೂ ಮಾಡಿಸಬಹುದು.

ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಗೆ ಕಟ್ಟಿಕೊಂಡು, ಕೈ ಊರದೆ ಐದು ಸಲ ಎದ್ದು ಕೂರಿ. 14 ಸೆಕೆಂಡಿನೊಳಗೆ ಆಗದಿದ್ದರೆ ಕಾಲಿನ ಬಲ ಕುಗ್ಗಿದೆ. ಈ ಪರೀಕ್ಷೆಗೆ ಪಕ್ಕದಲ್ಲಿ ಒಬ್ಬರು ಇರಲೇಬೇಕು, ತೂರಾಡುವವರು ಮಾಡುವುದೇ ಬೇಡ. ನೆನಪಿಗೆ ಮೂರು ಪದ ಹೇಳಿ, ಬೇರೆ ಮಾತಾಡಿ, ಆಮೇಲೆ ಆ ಮೂರನ್ನು ಕೇಳುವುದು; ಜೊತೆಗೆ ಇವತ್ತು ಯಾವ ದಿನ, ಈಗ ಎಲ್ಲಿದ್ದೀವಿ ಎಂದು ಕೇಳುವುದು. ಊಟದ ಬಗ್ಗೆ ಎರಡೇ ಪ್ರಶ್ನೆ: ಹಸಿವು ಕಡಿಮೆಯಾಗಿದೆಯೇ, ಮೂರು ತಿಂಗಳಲ್ಲಿ ಪ್ರಯತ್ನಪಡದೆ ಮೂರು ಕಿಲೊಗಿಂತ ಹೆಚ್ಚು ತೂಕ ಇಳಿದಿದೆಯೇ. ತೂಕದ ಯಂತ್ರ ಇಲ್ಲದಿದ್ದರೆ ಬಳೆ, ಉಂಗುರ, ರವಿಕೆ ಸಡಿಲವಾದದ್ದೇ ಸಾಕ್ಷಿ. ‘ಶುಗರ್ ಇಳೀತು, ಮೈಯೂ ಹಗುರಾಯ್ತು’ ಎಂದು ಕೆಲವರು ಸಂತೋಷಪಡುತ್ತಾರೆ. ಮುಪ್ಪಿನಲ್ಲಿ ತಾನಾಗಿ ಇಳಿಯುವ ತೂಕ ಸಂತೋಷದ ಸುದ್ದಿಯಲ್ಲ. ಎರಡು ವಾರ ಮೀರಿದ ಕೆಮ್ಮೂ ಜೊತೆಗಿದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು.

ಕಣ್ಣು, ಕಿವಿಗಳನ್ನು ನಮ್ಮ ಮನೆಗಳಲ್ಲಿ ಕಾಯಿಲೆಯ ಪಟ್ಟಿಗೇ ಸೇರಿಸುವುದಿಲ್ಲ. ಕಿವಿ ಕೇಳದವರನ್ನು ‘ಅರಳುಮರಳು’ ಎಂದುಬಿಡುತ್ತಾರೆ. ಹಿಂದೆ ನಿಂತು ಪಿಸುಮಾತಿನಲ್ಲಿ ಹೆಸರು ಕರೆದು ನೋಡಿ. ಕೇಳದಿದ್ದರೆ ಮೊದಲು ಕಿವಿಯ ಗುಗ್ಗೆ ಪರೀಕ್ಷಿಸಿಕೊಳ್ಳಲಿ, ಆಮೇಲೆ ಶ್ರವಣ ಪರೀಕ್ಷೆ. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ, ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಕನ್ನಡಕವೂ ಉಚಿತ. ಎಲ್ಲಿಗೆ, ಯಾವತ್ತು ಹೋಗಬೇಕೆಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.

ಶುಗರ್ ಇರುವವರು ಸಿಸ್ಟರಿಗೆ ಪಾದ ತೋರಿಸಬೇಕು. ಹಿರಿಯರಿಗೆ ಇದು ದೊಡ್ಡ ಮುಜುಗರ, ಕಾಲು ಮುಟ್ಟಿಸಿಕೊಳ್ಳುವುದು ಹೇಗೆ ಎಂದು. ಆದರೆ ಸ್ಪರ್ಶಜ್ಞಾನ ಹೋದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ಒಲೆಯ ಕೆಂಡ ತಾಗಿದ್ದೂ ತಿಳಿಯುವುದಿಲ್ಲ. ಹುಣ್ಣು ಬಲಿತು ಬೆರಳು ಕತ್ತರಿಸುವವರೆಗೆ ಹೋದವರನ್ನು ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಕಾಣಬಹುದು. ದಿನಾ ರಾತ್ರಿ ಕಾಲು ತೊಳೆದು, ಒರೆಸಿ, ಬೆರಳಸಂದಿ ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಕನ್ನಡಿ ಹಿಡಿದು ನೋಡಿ.

ಉಪ್ಪಿನ ಮಾತು

‘ಉಪ್ಪು ಕಡಿಮೆ ಮಾಡಿ, ಸಕ್ಕರೆ ಬಿಡಿ, ವಾಕಿಂಗ್ ಮಾಡಿ.’ ಈ ಮೂರು ಮಾತನ್ನು ಹೇಳಿ ಹೊರಟುಹೋಗುವ ಆರೋಗ್ಯ ಶಿಕ್ಷಣದಿಂದ ಯಾರಿಗೂ ಉಪಯೋಗವಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ದಿನವೆಲ್ಲ ಸಗಣಿ ಬಾಚಿ, ಹುಲ್ಲು ಹೊತ್ತು, ನೀರು ಸೇದುವ ಅಜ್ಜಿಗೆ ವಾಕಿಂಗ್ ಮಾಡು ಎಂದರೆ ಆಕೆ ನಗದೆ ಇನ್ನೇನು ಮಾಡಬೇಕು? ಒಳ್ಳೆಯ ಸಿಸ್ಟರ್ ಮೊದಲು ಅಡಿಗೆಮನೆಯ ವಿಷಯ ಕೇಳುತ್ತಾರೆ. ಅವರು ಕೇಳದಿದ್ದರೆ ನೀವೇ ಹೇಳಿ: ಮನೆಯಲ್ಲಿ ಸಾರು ಮಾಡುವವರು ಯಾರು, ಎಲ್ಲರಿಗೂ ಒಂದೇ ಪಾತ್ರೆಯೇ, ಒಂದು ಪ್ಯಾಕೆಟ್ ಉಪ್ಪು ಎಷ್ಟು ದಿನಕ್ಕೆ ಮುಗಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ನಿಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಕಿಲೊ ಮುಗಿಯುತ್ತಿದ್ದರೆ ಲೆಕ್ಕ ನಿಮಗೇ ತಿಳಿಯುತ್ತದೆ. ಸಾರಿನ ಉಪ್ಪು ಕಡಿಮೆ ಮಾಡಿ ಇಡೀ ಮನೆಯಲ್ಲಿ ಜಗಳ ತರುವುದಕ್ಕಿಂತ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಕರಾವಳಿಯಾದರೆ ಒಣಮೀನು, ಅಂಗಡಿಯ ಖಾರಾ ಮಿಕ್ಸ್‌ಚರ್, ಮಜ್ಜಿಗೆಗೆ ಮೇಲಿಂದ ಹಾಕುವ ಉಪ್ಪು, ಇವುಗಳಿಗೆ ಮೊದಲು ಕೈ ಹಾಕಿ. ಹುಳಿ, ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ ಒಗ್ಗರಣೆಯಿಂದ ರುಚಿಯ ಕೊರತೆ ತುಂಬಿಕೊಳ್ಳಬಹುದು. ಮೂತ್ರಪಿಂಡದ ತೊಂದರೆ ಇರುವವರು ‘ಕಡಿಮೆ ಸೋಡಿಯಂ’ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು; ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ.

ಶುಗರ್ ಎಂದು ಅನ್ನ ಬಿಟ್ಟು ಎರಡು ದೊಡ್ಡ ರಾಗಿಮುದ್ದೆ ಉಣ್ಣುವವರಿದ್ದಾರೆ. ರಾಗಿ ಒಳ್ಳೆಯದೇ, ಆದರೆ ಮುದ್ದೆಯ ಗಾತ್ರಕ್ಕೂ ಲೆಕ್ಕವಿದೆ. ಹಿರಿಯರ ತಟ್ಟೆಯಲ್ಲಿ ನಿಜವಾಗಿ ಕಡಿಮೆ ಬೀಳುವುದು ಕಾಳು, ಬೇಳೆ, ಮೊಟ್ಟೆ, ಹಾಲು. ಹಲ್ಲಿಲ್ಲದವರು ಗಂಜಿ, ಬ್ರೆಡ್ಡು, ಬಿಸ್ಕತ್ತಿನಲ್ಲೇ ದಿನ ಕಳೆಯುತ್ತಾರೆ. ಹೆಸರುಕಾಳು, ಹುರುಳಿಯನ್ನು ಮೆತ್ತಗೆ ಬೇಯಿಸಿ ಮಸೆದು ಕೊಟ್ಟರೆ ಕಾಲಿಗೆ ಬಲ ಬರುತ್ತದೆ. ವ್ಯಾಯಾಮದಲ್ಲೂ ನಡಿಗೆಯೊಂದೇ ಸಾಲದು. 65 ದಾಟಿದವರು ವಾರದಲ್ಲಿ ಮೂರು ದಿನವಾದರೂ ಕಾಲಿನ ಬಲ ಮತ್ತು ಮೈಯ ಸಮತೋಲ ಹೆಚ್ಚಿಸುವ ಅಭ್ಯಾಸ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಡಿಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ಎದ್ದು ಕೂರುವುದು, ಇಷ್ಟರಿಂದ ಶುರು ಮಾಡಬಹುದು.

ಮಾತಿಗೆ ಸಿಕ್ಕವರು

ಸಿಸ್ಟರ್ ಬಂದುಹೋದ ಮೇಲೆ ಹಿರಿಯರು ನೆನಪಿಸಿಕೊಳ್ಳುವುದು ಬಿ.ಪಿ.ಯ ಅಂಕಿಯನ್ನಲ್ಲ. ‘ಕೈ ಹಿಡ್ಕೊಂಡು ಮಾತಾಡಿಸಿದಳು, ಊಟ ಆಯ್ತಾ ಅಂದಳು’ ಎನ್ನುತ್ತಾರೆ. ಅವರ ದೂರು ಕೂಡ ಇದರ ಸುತ್ತಲೇ: ‘ಮುಖ ನೋಡೋದಿಲ್ಲ, ಮೊಬೈಲ್ ನೋಡ್ತಾಳೆ.’ ದೂರು ನ್ಯಾಯವಾದದ್ದು. ಆದರೆ ತಪ್ಪು ಆ ಹುಡುಗಿಯದ್ದಲ್ಲ. ಕೇಳಿದ್ದನ್ನೆಲ್ಲ ಆ್ಯಪ್‌ಗೆ ತುಂಬದಿದ್ದರೆ ಆಕೆ ಮಾಡಿದ ಕೆಲಸ ಮೇಲಿನವರ ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆಯ ದಿನ, ಗರ್ಭಿಣಿಯರ ಪಟ್ಟಿ, ಡೆಂಗಿ ಸಮೀಕ್ಷೆ, ಸಭೆ ಎಲ್ಲವೂ ಅದೇ ಎರಡು ಕೈಗಳಿಗೆ. ಹೆಂಗಸರ ದುಡಿಮೆಯ ಮೇಲೆ ಇಷ್ಟು ಹೊರೆ ಹೊರಿಸಿ ಪ್ರೀತಿಯಿಂದ ಮಾತಾಡಿಸಲಿಲ್ಲ ಎಂದು ಅವರನ್ನೇ ದೂರುವುದು ನಮ್ಮ ವ್ಯವಸ್ಥೆಯ ಹಳೆಯ ಚಾಳಿ.

ಎರಡು ವಾರಗಳಿಂದ ಯಾವುದರಲ್ಲೂ ಆಸಕ್ತಿಯಿಲ್ಲವೇ, ಮನಸ್ಸು ಕುಗ್ಗಿದೆಯೇ ಎಂಬ ಎರಡು ಪ್ರಶ್ನೆಗಳೂ ಆ ಫಾರಂನಲ್ಲಿವೆ. ಗಂಡ ತೀರಿಕೊಂಡ ಮೇಲೆ ಊಟ ಬಿಟ್ಟವರು, ಮಕ್ಕಳು ಊರು ಬಿಟ್ಟ ಮೇಲೆ ಜಗಲಿಗೂ ಬಾರದವರು ಇದಕ್ಕೆ ‘ಏನಿಲ್ಲ’ ಎನ್ನುತ್ತಾರೆ. ಏನೋ ಇದ್ದರೆ ಹೇಳಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳಿಗೆ ಒಂದು ಮಾತು. ಊರಿಗೆ ಬಂದಾಗ ಅಪ್ಪ-ಅಮ್ಮನನ್ನು ಕರೆದುಕೊಂಡು ಉಪಕೇಂದ್ರಕ್ಕೆ ಹೋಗಿ ಸಿಸ್ಟರ ಪರಿಚಯ ಮಾಡಿಕೊಳ್ಳಿ. ಅವರನ್ನು ಕೇಳಿ ಫೋನ್ ನಂಬರ್ ಪಡೆಯಿರಿ. ರಾತ್ರಿ ಹತ್ತಕ್ಕೆ ಕರೆ ಮಾಡಿ ಅಪ್ಪಣೆ ಕೊಡಬೇಡಿ. ಸಿಸ್ಟರ್ ಅಮ್ಮನನ್ನು ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಡಬೇಡಿ. ಹತ್ತಾರು ಲ್ಯಾಬ್ ರಿಪೋರ್ಟುಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಕ್ಕಿಂತ ಒಂದು ಇನ್ನೂರು ಪುಟದ ನೋಟ್‌ಪುಸ್ತಕ ತಂದುಕೊಡಿ. ತಾರೀಖು, ಬಿ.ಪಿ., ಶುಗರ್, ತೂಕ, ಕೊಟ್ಟ ಮಾತ್ರೆ, ಮುಂದಿನ ಭೇಟಿ, ಇಷ್ಟನ್ನು ಪ್ರತಿ ಸಲ ಸಿಸ್ಟರ್ ಕೈಯಲ್ಲೇ ಬರೆಸಲಿ. ಅವರು ವರ್ಗವಾಗಿ ಹೊಸಬರು ಬಂದಾಗ ಮೊದಲಿಂದ ಕಥೆ ಹೇಳುವ ಕಷ್ಟ ತಪ್ಪುತ್ತದೆ.

ಎರಡನೇ ಸಲ ಬಂದರೇ ಲಾಭ

ಡೆನ್ಮಾರ್ಕಿನಲ್ಲಿ 1990ರ ದಶಕದಿಂದಲೇ ವೃದ್ಧರ ಮನೆಗಳಿಗೆ ಆರೋಗ್ಯ ಭೇಟಿ ಏರ್ಪಡಿಸುವುದು ಸ್ಥಳೀಯ ಆಡಳಿತಗಳ ಕಾನೂನುಬದ್ಧ ಹೊಣೆ. ಇಂಥ ಮನೆಭೇಟಿಗಳ 18 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ ವಿಶ್ಲೇಷಣೆಯೊಂದನ್ನು ‘ಜಾಮಾ’ ವೈದ್ಯಕೀಯ ಪತ್ರಿಕೆ 2002ರಲ್ಲಿ ಪ್ರಕಟಿಸಿತು. ಮನೆಗೆ ಒಂಬತ್ತಕ್ಕಿಂತ ಹೆಚ್ಚು ಸಲ ಹೋಗಿಬಂದ ಕಡೆ, ಹಿರಿಯರು ಮನೆ ಬಿಟ್ಟು ಆರೈಕೆ ಕೇಂದ್ರ ಸೇರುವ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಇಳಿದಿತ್ತು. ಬೆರಳೆಣಿಕೆಯ ಭೇಟಿಗೆ ನಿಂತುಹೋದ ಕಡೆ ಆ ಲಾಭ ಕಾಣಲಿಲ್ಲ. ನಮ್ಮ ಅನುಭವವೂ ಬೇರೆಯಲ್ಲ. ಶಾಮಿಯಾನ ಹಾಕಿ, ಬ್ಯಾನರ್ ಕಟ್ಟಿ, ಒಂದೇ ದಿನ ನೂರಾರು ಜನರ ಬೆರಳು ಚುಚ್ಚುವ ಶಿಬಿರಗಳಿಂದ ಫೋಟೊ ಚೆನ್ನಾಗಿ ಬರುತ್ತದೆ. ‘ನಿಮಗೆ ಶುಗರ್ ಇದೆ’ ಎಂದು ಹೇಳಿಸಿಕೊಂಡವರು ಮರುದಿನ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅಲ್ಲಿ ಉತ್ತರ ಇರುವುದಿಲ್ಲ. ಮೊದಲ ಭೇಟಿಯಲ್ಲಿ ಹಿರಿಯರು ‘ಚೆನ್ನಾಗಿದೀನಿ’ ಎನ್ನುತ್ತಾರೆ, ಮೂರನೇ ಭೇಟಿಯಲ್ಲಿ ನಿಜ ಹೇಳುತ್ತಾರೆ. ಆದ್ದರಿಂದ ಸಿಸ್ಟರ್ ಹೊರಡುವ ಮುಂಚೆ ಮತ್ತೆ ಯಾವತ್ತು ಬರುತ್ತೀರಿ ಎಂದು ಕೇಳಿ, ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಬರದಿದ್ದರೆ ನೀವೇ ಹೋಗಿ. ಹಾಸಿಗೆ ಹಿಡಿದವರಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ಹೇಳಿ ಕಳಿಸಿ. ಹಿರಿಯರ ಆರೈಕೆ, ಹಾಸಿಗೆ ಹಿಡಿದವರ ಉಪಶಾಮಕ ಆರೈಕೆ ಎರಡೂ ಆರೋಗ್ಯ ಮಂದಿರದ ಸೇವೆಗಳ ಪಟ್ಟಿಯಲ್ಲೇ ಇವೆ.

ಸಿಸ್ಟರಿಗಾಗಿ ಕಾಯಬಾರದ ಸಂದರ್ಭಗಳೂ ಇವೆ. ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ರಕ್ತದ ಗೆಡ್ಡೆ ಕರಗಿಸುವ ಚುಚ್ಚುಮದ್ದು ಕೆಲಸ ಮಾಡುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ. ಎದೆನೋವು, ಉಸಿರು ಕಟ್ಟುವುದು, ಬಿದ್ದ ಮೇಲೆ ಕಾಲು ಊರಲಾಗದಿರುವುದು ಇದೇ ಸಾಲಿನವು. ಇವಕ್ಕೆ ನೇರವಾಗಿ 108. ಶುಗರ್ ಮಾತ್ರೆ ತಿನ್ನುವವರು ಬೆವೆತು, ನಡುಗಿ, ಮಂಕಾದರೆ, ಎಚ್ಚರವಿದ್ದಾಗ ಮೂರು ಚಮಚ ಸಕ್ಕರೆಯ ನೀರು ಕುಡಿಸಿ ಆಮೇಲೆ ಆಸ್ಪತ್ರೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ.

ನಿಮ್ಮ ಉಪಕೇಂದ್ರದಲ್ಲಿ ಮಾತ್ರೆ ಮುಗಿದಿದ್ದರೆ, ಸಿ.ಎಚ್.ಒ. ಹುದ್ದೆ ಖಾಲಿ ಇದ್ದರೆ, ತಿಂಗಳುಗಟ್ಟಲೆ ಯಾರೂ ಮನೆಯತ್ತ ಸುಳಿಯದಿದ್ದರೆ ಮೊದಲು ಪಿ.ಎಚ್.ಸಿ. ವೈದ್ಯಾಧಿಕಾರಿಗೆ ತಿಳಿಸಿ. ಊರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಪಂಚಾಯ್ತಿ ಸದಸ್ಯರೂ ಆಶಾ ಕಾರ್ಯಕರ್ತೆಯೂ ಇರುತ್ತಾರೆ. ವಿಷಯವನ್ನು ಅಲ್ಲಿಗೂ ಒಯ್ಯಬಹುದು, ಗ್ರಾಮಸಭೆಯಲ್ಲಿ ಎದ್ದು ನಿಂತೂ ಕೇಳಬಹುದು. ರಾಜ್ಯದ ಆರೋಗ್ಯ ಸಹಾಯವಾಣಿ 104. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಈ ಎರಡು ನಂಬರುಗಳನ್ನು 108ರ ಜೊತೆಗೆ ದೊಡ್ಡ ಅಕ್ಷರದಲ್ಲಿ ಬರೆದು, ಮನೆಯ ಹಿರಿಯರಿಗೆ ಕನ್ನಡಕವಿಲ್ಲದೆ ಕಾಣುವ ಕಡೆ ಇವತ್ತೇ ಅಂಟಿಸಿ.